ಅವ್ವನ ಮೊಳದಲ್ಲಿ ಅಳೆದ ಬಸ್ಸು

ಆಗದ ಮಾತು ಎಂದವರು ನನ್ನ ಸೋದರಮಾವ. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆಯಲ್ಲಿ ಟೀ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು.

"ನೋಡಕ್ಕ, ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದೋರು ಒಬ್ಬರೂ ಇಲ್ಲ. ಇವ್ಳು ಎಂಗೋ ಕೊನೇ ವರ್ಷದವರ್ಗೂ ಬಂದ್ಬುಟ್ಲು, ಸಂತೋಷ. ಆದ್ರೆ ಬಸ್ಸಿನ ಆಟ ಆಡ್ಕೊಂಡು ಡಿಗ್ರಿ ತಗೊಂಡೋರು ಭೂಮಿ ಮೇಲೆ ಯಾರಾದ್ರೂ ಇದ್ದಾರಾ? ಆಗದ ಮಾತು. ಬಟ್ಟೆ ಅಂಗಡೀಲಿ ಮಾತಾಡಿಟ್ಟಿದ್ದೀನಿ. ಈ ಸಲ ಫೇಲಾದ್ರೆ ಸೀದಾ ಅಲ್ಲಿಗೆ ಕಳ್ಸು."

ಮಾವ ಕೆಟ್ಟವರಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮನೆಯ ದೊಡ್ಡ ಮಾತುಗಳನ್ನೆಲ್ಲ ಆಡುತ್ತಿದ್ದವರು ಅವರೇ. ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ಬಿ.ಸಿ.ಎ. ಕೊನೆಯ ಸೆಮಿಸ್ಟರು. ಉಳಿದದ್ದು ಪ್ರಾಜೆಕ್ಟ್ ಒಂದೇ. ಅದು ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಸೀರೆ ಮಡಚುವ ಕೆಲಸ. ಸೀರೆ ಮಡಚುವುದು ಕೀಳು ಎಂದು ನಾನು ಹೇಳುತ್ತಿಲ್ಲ. ನನ್ನ ಓದಿಗೋಸ್ಕರ ಅವ್ವ ಬಿಸಿಲಲ್ಲಿ ಕೂತ ವರ್ಷಗಳೂ ಆ ಸೀರೆಗಳ ಜೊತೆ ಮಡಚಿಕೊಂಡು ಒಳಗೆ ಹೋಗಿಬಿಡುತ್ತವಲ್ಲ, ಅದು ನನ್ನ ಭಯ.

ಅವ್ವ ಹೂ ಮಾರುತ್ತಾಳೆ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಹೂ ತಂದು, ಕಟ್ಟಿ, ಬುಟ್ಟಿಯಲ್ಲಿ ಒದ್ದೆ ಬಟ್ಟೆ ಮುಚ್ಚಿ, ಸಿಟಿ ಬಸ್ಸು ಹತ್ತಿ ಕುವೆಂಪುನಗರಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಾಳೆ. ನಾನು ಚಿಕ್ಕವಳಿದ್ದಾಗ ಆ ಬಸ್ಸಿನಲ್ಲಿ ಬುಟ್ಟಿಗೆ ಒರಗಿಕೊಂಡು ನಿದ್ದೆ ಮಾಡುತ್ತಿದ್ದೆ. ಹಾಗಾಗಿ ಓದಿಗೆಂದು ಅವ್ವ ಕೊಡಿಸಿದ ಹಳೆಯ ಕಂಪ್ಯೂಟರಿನಲ್ಲಿ ನಾನು ಮೊದಲು ಹಾಕಿಕೊಂಡ ಆಟ ಬಸ್ಸು ಓಡಿಸುವುದೇ ಆಗಿತ್ತು ಎಂದರೆ ಆಶ್ಚರ್ಯವೇನಿಲ್ಲ. ಆ ಆಟದ ರಸ್ತೆಗಳು ಎಲ್ಲೋ ಪರದೇಶದವು. ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ, ಬಸ್ಸಿನಲ್ಲಿ ಬುಟ್ಟಿಯೂ ಇಲ್ಲ.

ಒಂದು ದಿನ ಆ ಆಟದ ಫೋಲ್ಡರನ್ನು ತೆರೆದು ನೋಡಿದೆ. ಒಳಗೆ ಒಂದು ಚಿತ್ರವಿತ್ತು. ಟೈಲರು ಕತ್ತರಿಸಿಟ್ಟ ಬಟ್ಟೆಯ ಹಾಗೆ ಮುಂಭಾಗ, ಹಿಂಭಾಗ, ಎರಡು ಪಕ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ಹರಡಿದ್ದರು. ಅದು ಬಸ್ಸಿನ ಮೈಬಣ್ಣ. ನಾನು ಅದಕ್ಕೆ ನಮ್ಮ ಸಿಟಿ ಬಸ್ಸಿನ ಬಣ್ಣ ಬಳಿದು ಸೇವ್ ಮಾಡಿ ಆಟ ತೆರೆದೆ. ಪರದೆ ಕಪ್ಪಾಯಿತು. ಎರಡನೇ ಸಲವೂ ಕಪ್ಪು. ಅವ್ವ ಕೊಡಿಸಿದ ಕಂಪ್ಯೂಟರನ್ನೇ ಹಾಳು ಮಾಡಿಬಿಟ್ಟೆ ಎಂದುಕೊಂಡೆ. ಆಮೇಲೆ ಹುಡುಕಿದಾಗ ತಿಳಿಯಿತು: ಆಟ ತಾನು ಮಾಡಿದ್ದನ್ನೆಲ್ಲ ಒಂದು ಲಾಗ್ ಫೈಲಿನಲ್ಲಿ ಬರೆದುಕೊಂಡು ಹೋಗುತ್ತದೆ, ಎಲ್ಲಿ ನಿಂತಿತೋ ಅದರ ಸುಳಿವು ಕೊನೆಯ ಸಾಲುಗಳಲ್ಲಿರುತ್ತದೆ. ನಾನು ಸೇವ್ ಮಾಡುವಾಗ ಚಿತ್ರದ ಅಳತೆ ಬದಲಾಗಿಬಿಟ್ಟಿತ್ತು, ಅಷ್ಟೇ. ಅಂದಿನಿಂದ ಒಂದು ಕ್ರಮ ಇಟ್ಟುಕೊಂಡೆ. ಮೂಲದ ಪ್ರತಿ ಬೇರೆ ಕಡೆ ಎತ್ತಿಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಓಡಿಸಿ ನೋಡುವುದು. ಕೆಟ್ಟರೆ ಲಾಗ್ ಓದುವುದು. ಹೀಗೆ ಬೇರೆಯವರ ಆಟದೊಳಗೆ ನಮ್ಮ ಕೈಕೆಲಸ ಸೇರಿಸುವುದಕ್ಕೆ ಮಾಡಿಂಗ್, ಸೇರಿಸಿದ ಆ ಕೆಲಸಕ್ಕೆ ಮಾಡ್ ಎನ್ನುತ್ತಾರೆ ಎಂಬುದು ನನಗೆ ಗೊತ್ತಾಗಿದ್ದು, ಅದನ್ನು ಮಾಡಲು ಶುರುಮಾಡಿ ಎಷ್ಟೋ ಕಾಲವಾದ ಮೇಲೆ.

ಪ್ರಾಜೆಕ್ಟಿಗೆ ವಿಷಯ ಕೊಡುವ ದಿನ, ಮಾರ್ಕೆಟ್ಟಿನಿಂದ ಕುವೆಂಪುನಗರದವರೆಗೆ ನಮ್ಮ ಸಿಟಿ ಬಸ್ಸಿನ ದಾರಿಯನ್ನು ಆ ಆಟಕ್ಕೆ ಸೇರಿಸುತ್ತೇನೆ ಎಂದು ಬರೆದುಕೊಟ್ಟೆ. ಕ್ಲಾಸಿನ ಉಳಿದವರದ್ದು ಲೈಬ್ರರಿ, ಆಸ್ಪತ್ರೆ ಬಿಲ್ಲು, ಹಾಜರಾತಿ. ನನ್ನ ಗೈಡ್ ಮೇಡಂ ಕನ್ನಡಕ ಮೇಲೇರಿಸಿದರು.

"ಏನಮ್ಮ, ಆಟಾನಾ ಇದು?"

"ಹೂಂ ಮೇಡಂ. ಪೂರ್ತಿ ಆಟ ನಂದಲ್ಲ. ದಾರಿ, ಸ್ಟಾಪುಗಳು, ಬಸ್ಸು ಇಷ್ಟು."

"ಹೊರಗಿನಿಂದ ಬರೋ ಎಕ್ಸಾಮಿನರ್ ನಿನ್ನನ್ನ ಕೇಳೋದು ಒಂದೇ ಪ್ರಶ್ನೆ. ಇದರಲ್ಲಿ ನೀನು ಮಾಡಿದ್ದು ಯಾವುದು ಅಂತ. ಅದಕ್ಕೆ ಉತ್ತರ ಇದ್ದರೆ ಮಾಡು. ಇಲ್ಲದಿದ್ದರೆ ಈಗಲೇ ಲೈಬ್ರರಿ ಮಾಡ್ಕೊಂಬಿಡು, ನಿನಗೂ ನೆಮ್ಮದಿ, ನನಗೂ ನೆಮ್ಮದಿ."

ಉತ್ತರ ಇದೆ ಅಂದೆ. ಇರಲಿಲ್ಲ.

ಆಟದ ಜೊತೆ ಬರುವ ಮ್ಯಾಪ್ ಎಡಿಟರಿನಲ್ಲಿ ದಾರಿ ಎಳೆಯುವುದರಿಂದ ಕೆಲಸ ಶುರುವಾಯಿತು. ಉಪಗ್ರಹದ ಚಿತ್ರವನ್ನು ನೆಲಕ್ಕೆ ಹಾಸಿ ಅದರ ಮೇಲೆ ರಸ್ತೆ ಬಗ್ಗಿಸಬೇಕು. ಪ್ರತಿ ಸ್ಟಾಪಿನಲ್ಲೂ ಕಣ್ಣಿಗೆ ಕಾಣದ ಒಂದು ಡಬ್ಬ ಇಡಬೇಕು. ಬಸ್ಸು ಆ ಡಬ್ಬದೊಳಗೆ ನಿಂತು ಬಾಗಿಲು ತೆರೆದರೆ ಮಾತ್ರ ಜನ ಹತ್ತುತ್ತಾರೆ. ಕನ್ನಡದಲ್ಲಿ ಬೋರ್ಡು ಹಾಕಲು ಹೋದರೆ ಒತ್ತಕ್ಷರಗಳು ಕಳಚಿಕೊಂಡು ಪಕ್ಕಪಕ್ಕ ನಿಂತುಬಿಟ್ಟವು, ಅದಕ್ಕೆ ಬೋರ್ಡುಗಳನ್ನೆಲ್ಲ ಚಿತ್ರವಾಗಿಯೇ ಬರೆದು ಅಂಟಿಸಿದೆ. ಬಸ್ಸನ್ನು ಮಾತ್ರ ನಾನು ಮಾಡಲಿಲ್ಲ. ಮಾಡ್ ಮಾಡುವವರು ಸೇರುವ ಒಂದು ಜಾಲತಾಣದಲ್ಲಿ ನಮ್ಮ ಬಸ್ಸನ್ನೇ ಹೋಲುವ ಮಾದರಿ ಸಿಕ್ಕಿತು. ಯಾರು ಬೇಕಾದರೂ ಬಳಸಬಹುದು ಎಂದು ಹಾಕಿದವನೇ ಬರೆದಿದ್ದ. ಇಳಿಸಿಕೊಂಡೆ, ಬಣ್ಣ ಬಳಿದೆ. ಬೇರೆಯವರೂ ಓಡಿಸಿ ನೋಡಲಿ ಎಂದು ನನ್ನ ಮಾಡನ್ನು ಅದೇ ಜಾಲತಾಣಕ್ಕೆ ಏರಿಸಿದೆ. ನಮ್ಮನೆ ಮುಂದೆಯೇ ಬಸ್ಸು ಓಡಿಸಿದೆ ಎಂದು ಕುವೆಂಪುನಗರದ ಯಾರೋ ಬರೆದಾಗ ಆ ಸಾಲನ್ನು ಎಷ್ಟು ಸಲ ಓದಿದೆನೋ.

ಆಮೇಲೆ ಒಂದು ಇಮೇಲ್ ಬಂತು.

ಜಾಲತಾಣ ನೋಡಿಕೊಳ್ಳುವವರದು, ಇಂಗ್ಲಿಷಿನಲ್ಲಿ. ನಿಮ್ಮ ಮಾಡಿನಲ್ಲಿರುವ ಬಸ್ಸಿನ ಮಾದರಿ ಬೇರೊಂದು ಕಂಪನಿಯ ಆಟದಿಂದ ಕಿತ್ತು ತಂದದ್ದು, ಆದ್ದರಿಂದ ನಿಮ್ಮ ಮಾಡನ್ನು ತೆಗೆದಿದ್ದೇವೆ, ಖಾತೆಯನ್ನು ತಡೆಹಿಡಿದಿದ್ದೇವೆ, ಹಕ್ಕುದಾರರು ಕಾನೂನು ಕ್ರಮ ಕೈಗೊಳ್ಳಬಹುದು. ಇಂಥ ಮೇಲನ್ನು ಓದಿ, ಏನು ಮಾಡಬೇಕೆಂದು ಮನೆಯಲ್ಲಿ ಕೇಳಿ ತಿಳಿಯುವ ಹುಡುಗರಿರುತ್ತಾರೆ. ನಮ್ಮನೆಯಲ್ಲಿ ಕಾನೂನು ಎಂದರೆ ಪೊಲೀಸು, ಪೊಲೀಸು ಎಂದರೆ ಫುಟ್‌ಪಾತಿನಿಂದ ಬುಟ್ಟಿ ಎತ್ತಿಸುವವರು. ನಾನು ಕಂಪ್ಯೂಟರ್ ಆರಿಸಿ ಅದರ ಮೇಲೆ ಬೆಡ್‌ಶೀಟ್ ಹೊದಿಸಿಬಿಟ್ಟೆ, ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ ಎನ್ನುವ ಹಾಗೆ.

ಬೀದಿಯಲ್ಲಿ ಖಾಕಿ ಕಂಡರೆ ಪಕ್ಕದ ಸಂದಿಗೆ ತಿರುಗಿಬಿಡುತ್ತಿದ್ದೆ. ಮೈಸೂರಿನಲ್ಲಿ ಬಸ್ಸಿನ ಡ್ರೈವರಿಗೂ ಖಾಕಿ, ಆಟೋದವನಿಗೂ ಖಾಕಿ. ಕಾಲೇಜಿಗೆ ಹೋಗುವಾಗ ಬಸ್ಸಿನ ಮುಂಬಾಗಿಲಲ್ಲಿ ಹತ್ತುವುದನ್ನೇ ಬಿಟ್ಟು ಹಿಂದೆ ಹತ್ತತೊಡಗಿದೆ. ಜಯಲಕ್ಷ್ಮಿಪುರಂನಲ್ಲಿ ಇಳಿದರೆ ಕಾಲೇಜಿನ ಗೇಟಿನಲ್ಲಿ ಸೆಕ್ಯುರಿಟಿಯವರ ಯೂನಿಫಾರಂ. ಅವರು "ಏನವ್ವ, ಉಸಾರಿಲ್ವಾ?" ಎಂದು ಕೇಳಿದ್ದಕ್ಕೆ ನಾನು ಐ.ಡಿ. ಕಾರ್ಡು ತೆಗೆದು ತೋರಿಸಿದೆ.

ಕೊನೆಗೆ ಕೇಳಿದವಳು ಅವ್ವ. ಹೂ ಕಟ್ಟುತ್ತ, ತಲೆ ಎತ್ತದೆ ಕೇಳಿದಳು. "ಏನಾಯ್ತು ಮಗ? ಕಂಪ್ಯೂಟರ್ ಮೇಲ್ಯಾಕೆ ಬೆಡ್‌ಶೀಟು? ಅದುಕ್ಕೂ ಚಳಿನಾ?"

ಹೇಳಿದೆ. ಎಲ್ಲ ಹೇಳಿದೆ.

"ಕದ್ದುದ್ದಾ ಅದು?"

"ಕದ್ದದ್ದು ಅಂತ ನಂಗೊತ್ತಿರ್ಲಿಲ್ಲ ಅವ್ವ. ಇನ್ಯಾರೋ ಕದ್ದು ಇಟ್ಟಿದ್ರು."

"ಅಂಗಾರೆ ವಾಪಸ್ ಕೊಟ್ಬುಡು."

"ಕೊಡಕ್ಕಾಗಲ್ಲ ಕಣವ್ವ. ಅಳಿಸ್ಬೇಕು ಅಷ್ಟೆ. ಅಳಿಸಿದ್ರೆ ಬಸ್ಸೇ ಇರಲ್ಲ. ಖಾಲಿ ರಸ್ತೆ ತೋರಿಸ್ಲಾ?"

ಅವ್ವ ದಾರ ಎಳೆದು ಗಂಟು ಹಾಕಿದಳು. "ಬಸ್ ಇಲ್ದೆ ಏನು, ನಾನು ದಿನಾ ಹತ್ತೋದು ಏನು ಮತ್ತೆ? ಅದುನ್ನೇ ನೋಡ್ಕೊಂಡು ಮಾಡು. ಬೇರೇರದ್ಯಾಕೆ?"

ಅವಳು ಹೇಳಿದಷ್ಟು ಸುಲಭವಲ್ಲ ಎಂದು ಸಿಟ್ಟು ಬಂತು. ಆದರೆ ಮಾರನೇ ದಿನ ಮೇಡಂ ಹತ್ತಿರ ಹೋಗಿ ಮೇಲ್ ತೋರಿಸಿದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಇಬ್ಬರೂ ಕೂತು ಉತ್ತರ ಬರೆದೆವು: ಗೊತ್ತಿಲ್ಲದೆ ಬಳಸಿದ್ದೇನೆ, ಅಳಿಸಿದ್ದೇನೆ, ಕ್ಷಮಿಸಿ, ಹೊಸದನ್ನು ನಾನೇ ಮಾಡುತ್ತೇನೆ. ಅವರೆದುರೇ ಆ ಫೈಲನ್ನು ಅಳಿಸಿದೆ. ಕೆಲವು ದಿನಗಳ ಮೇಲೆ ಸರಿ ಎಂಬರ್ಥದ ಒಂದೇ ಸಾಲಿನ ಉತ್ತರ ಬಂತು. ಕಂಪನಿ ಸುಮ್ಮನಿರುತ್ತದೋ ಇಲ್ಲವೋ ಅದರಲ್ಲಿ ಇರಲಿಲ್ಲ.

"ಇನ್ನು ಟೈಮಿಲ್ಲ ಕಣಮ್ಮ" ಅಂದರು ಮೇಡಂ. "ಸಬ್ಮಿಷನ್ ಮುಂದಕ್ಕೆ ಹಾಕೋಕೆ ನನ್ನ ಕೈಲಾಗಲ್ಲ."

ಮೂರು ಆಯಾಮದ ಮಾದರಿ ಕಟ್ಟುವ, ದುಡ್ಡು ಕೇಳದ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಒಂದು ಪೆಟ್ಟಿಗೆಯಿಂದ ಶುರು. ಅದನ್ನು ಎಳೆದು, ಕಿಟಕಿಗೆ ಕೊರೆದು, ಚಕ್ರಕ್ಕೆ ಕಮಾನು ತೆಗೆದು. ಮೆಟ್ಟಿಲು, ಬಾಗಿಲು, ಕಂಬಿಗಳ ಅಳತೆಯನ್ನು ಕಾಲೇಜಿಗೆ ಹೋಗುತ್ತ ಬರುತ್ತ ನನ್ನ ಗೇಣಿನಲ್ಲೇ ಅಳೆದುಕೊಂಡೆ. ಉದ್ದ ಮಾತ್ರ ಆಗಲಿಲ್ಲ. ನಿಂತ ಬಸ್ಸಿನ ಪಕ್ಕ ಟೇಪು ಹಿಡಿದು ಓಡಾಡಬೇಕು. ಸರ್ಕಾರಿ ಬಸ್ಸು, ಖಾಕಿ ಡ್ರೈವರು. ಯಾಕಮ್ಮ ಅಳೀತೀಯ ಎಂದರೆ ಏನು ಹೇಳಲಿ? ಮೊದಲೇ ಒಂದು ಬಸ್ಸಿನ ಕೇಸು ತಲೆ ಮೇಲಿದೆ. ಸ್ಟ್ಯಾಂಡಿನವರೆಗೆ ಹೋಗಿ, ಟೇಪನ್ನು ಬ್ಯಾಗಿನಿಂದ ತೆಗೆಯದೆ ವಾಪಸ್ಸು ಬಂದೆ.

"ನಾನು ಅಳ್ಕೊಂಡು ಬತ್ತೀನಿ ಬುಡು" ಅಂದಳು ಅವ್ವ. ಬಸ್ಸು ಹೊರಡುವ ಮುಂಚೆ, ಬುಟ್ಟಿ ಒಳಗಿಟ್ಟು, ಮೂತಿಯಿಂದ ಹಿಂಬದಿಯವರೆಗೆ ಮೈಗೆ ಕೈಯಿಟ್ಟುಕೊಂಡು ಮೊಳ ಹಾಕಿದಳಂತೆ. ಕಂಡಕ್ಟರು "ಏನಮ್ಮ, ಬಸ್ಸಿಗೆ ಹಾರ ಹಾಕ್ತೀಯಾ?" ಎಂದು ಕೇಳಿದ್ದಕ್ಕೆ "ಊಂ ಕಣಪ್ಪ, ಆಯುಧಪೂಜೆಗೆ ಈಗ್ಲೇ ಲೆಕ್ಕ" ಅಂದಳಂತೆ. ಅವಳು ಹೇಳಿದ ಮೊಳಗಳಿಗೆ, ಶಾಲೆಯಲ್ಲಿ ಕಲಿತ ಹಾಗೆ, ಮೊಳಕ್ಕೆ ಒಂದೂವರೆ ಅಡಿ ಎಂದು ಗುಣಿಸಿ ಬಸ್ಸಿನ ಉದ್ದ ಹಾಕಿದೆ.

ಬಸ್ಸು ಚೆಂದ ಬಂತು. ಆಟದೊಳಗೆ ಹಾಕಿ ಸ್ಟಾರ್ಟ್ ಮಾಡಿದೆ. ಮಾರ್ಕೆಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ತಿರುವಿದೆ, ಮೂಲೆಯಲ್ಲಿ ಲೈಟು ಕಂಬ. ಅಲ್ಲಿ ಬಸ್ಸಿನ ಹಿಂಭಾಗ ಕಂಬಕ್ಕೆ ಬಡಿದು ನಿಂತುಬಿಟ್ಟಿತು. ಹಿಂದೆ ತೆಗೆದೆ, ಅಗಲವಾಗಿ ತಿರುಗಿಸಿದೆ. ಮತ್ತೆ ಬಡಿಯಿತು.

ರಸ್ತೆ ತಪ್ಪಿರಬೇಕು ಎಂದುಕೊಂಡೆ. ತಿರುವನ್ನು ಕಿತ್ತು ಹೊಸದಾಗಿ ಎಳೆದೆ. ಬಡಿಯಿತು. ಚಕ್ರ ತಿರುಗುವ ಕೋನ ಹೆಚ್ಚಿಸಿದೆ. ಬಸ್ಸು ಬುಗುರಿಯ ಹಾಗೆ ಸುತ್ತಿತು. ಆಟದಲ್ಲಿ ಬಸ್ಸಿಗೆ ಎರಡು ಮೈ ಇರುತ್ತದೆ, ಕಣ್ಣಿಗೆ ಕಾಣುವುದು ಒಂದು, ಡಿಕ್ಕಿ ಲೆಕ್ಕ ಹಾಕುವ ಕಾಣದ ಮೈ ಇನ್ನೊಂದು. ಆ ಕಾಣದ ಮೈಯನ್ನು ಗಿಡ್ಡ ಮಾಡಿಬಿಟ್ಟೆ. ಆಗ ಬಸ್ಸು ತಿರುಗಿತು, ಆದರೆ ಅದರ ಬಾಲ ಕಂಬದೊಳಗಿಂದ ದೆವ್ವದ ಹಾಗೆ ಹಾದುಹೋಯಿತು.

ಅದನ್ನೇ ಮೇಡಂಗೆ ತೋರಿಸಿದೆ, ಬಾಲವನ್ನು ಗಮನಿಸಲಿಕ್ಕಿಲ್ಲ ಎಂಬ ಆಸೆಯಿಂದ.

"ಬಸ್ಸು ಕಂಬದೊಳಗಿಂದ ಹೋಯ್ತಲ್ಲಮ್ಮ."

"ಹೂಂ ಮೇಡಂ."

"ನಾನು ದಿನಾ ಅದೇ ತಿರುವಲ್ಲಿ ಸ್ಕೂಟರಲ್ಲಿ ಬರ್ತೀನಿ. ಬಸ್ಸು ಕಂಬ ಮುಟ್ಟದೇ ತಿರುಗುತ್ತೆ. ನಿಂದರಲ್ಲೇ ಏನೋ ತಪ್ಪಿದೆ."

ಏನೆಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಆ ವಾರ ಬಟ್ಟೆ ಅಂಗಡಿ ನನಗೆ ಬಹಳ ಹತ್ತಿರದಲ್ಲಿತ್ತು. ಮಾವ ಹೇಳಿದ್ದು ಕಿವಿಯಲ್ಲೇ ಇತ್ತು. ಫೇಲಾಗುವುದಕ್ಕಿಂತ ಮೊದಲೇ ಹೇಳಿಬಿಟ್ಟರೆ ಮರ್ಯಾದೆ ಉಳಿಯುತ್ತದೇನೋ ಎಂದುಕೊಂಡು, ಇನ್ನು ಓದುವುದಿಲ್ಲ ಎಂದು ಹೇಳಲು ಒಂದು ಮಧ್ಯಾಹ್ನ ಕುವೆಂಪುನಗರಕ್ಕೆ ಅವ್ವನ ಹತ್ತಿರ ಹೋದೆ. ಸ್ಕೂಟಿಯಲ್ಲಿ ಬಂದ ಒಬ್ಬರು ಮಲ್ಲಿಗೆ ಕೇಳುತ್ತಿದ್ದರು. ನಾನು ಬುಟ್ಟಿಯ ಪಕ್ಕ ಕೂತೆ.

"ಏನಮ್ಮ, ನಿನ್ನ ಮೊಳ ದಿನದಿನಾ ಸಣ್ಣಗಾಗ್ತಾ ಇದೆ?"

"ವಯಸ್ಸಾಯ್ತಲ್ಲ ತಾಯಿ, ಕೈ ಕುಗ್ಗಿದೆ."

ಇಬ್ಬರೂ ನಕ್ಕರು. ನಾನು ಅವ್ವನ ಕೈ ನೋಡಿದೆ. ಮೊಣಕೈಯಿಂದ ಶುರುವಾಗಬೇಕಾದ ಮಾಲೆ ಅದಕ್ಕಿಂತ ಈಚೆಗೇ ಶುರುವಾಗುತ್ತದೆ. ನಡುಬೆರಳ ತುದಿಯವರೆಗೆ ಹೋಗಬೇಕಾದದ್ದು ಮಡಚಿದ ಬೆರಳಿನ ಗೆಣ್ಣಿಗೇ ಮುಗಿಯುತ್ತದೆ. ಎಷ್ಟೋ ವರ್ಷದಿಂದ ಆ ಕೈ ಹಾಗೇ ಪಳಗಿದೆ. ಹೂವಾದರೂ ಅಷ್ಟೇ, ಬಸ್ಸಾದರೂ ಅಷ್ಟೇ.

ಗಿರಾಕಿ ಹೋದ ಮೇಲೆ ಬ್ಯಾಗಿನಿಂದ ಟೇಪು ತೆಗೆದೆ. "ಅವ್ವ, ಒಂದು ಮೊಳ ಹಾಕು."

"ನನ್ ಮೊಳ ಅಳೀತೀಯೇನೇ? ಗಿರಾಕಿಗಿಂತ ಕಡೆಯಾಗ್ಬುಟ್ಯಲ್ಲ."

ಒಂದೂವರೆ ಅಡಿಗೆ ನಾಲ್ಕು ಬೆರಳು ಕಮ್ಮಿ. ಅಂಥ ಗಿಡ್ಡ ಮೊಳಗಳನ್ನು ನಾನು ಪೂರ್ತಿ ಒಂದೂವರೆ ಅಡಿಯಿಂದ ಗುಣಿಸಿದ್ದರಿಂದ ನನ್ನ ಬಸ್ಸು ನಿಜವಾದ ಬಸ್ಸಿಗಿಂತ ಒಂದು ಆಟೋ ನಿಲ್ಲಿಸುವಷ್ಟು ಹೆಚ್ಚು ಉದ್ದವಾಗಿತ್ತು.

"ಅವ್ವ, ಬಸ್ಸಿಗೂ ಹೂವಿನ ಮೊಳ ಹಾಕ್ಬುಟ್ಯಾ?"

"ನೀನು ಮೊಳ ಕೇಳ್ದೆ, ಮೊಳ ಕೊಟ್ಟೆ. ಟೇಪಲ್ಲಿ ಬೇಕಿದ್ರೆ ನೀನೇ ಓಗ್ಬೇಕಿತ್ತು."

ಅದು ಸರಿ. ಟೇಪು ಹಿಡಿದು ಹೋಗಬೇಕಾಗಿದ್ದವಳು ನಾನೇ. ಓದು ಬಿಡುವ ಮಾತು ಎತ್ತದೆ ಎದ್ದೆ. ಸ್ಟ್ಯಾಂಡಿಗೆ ಹೋಗಿ, ನಿಂತಿದ್ದ ಬಸ್ಸಿನ ಮುಂದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಡ್ರೈವರ ಎದುರು ನಿಂತೆ. "ಸರ್, ಬಸ್ಸಿನ ಉದ್ದ ಅಳೀಬೇಕಿತ್ತು. ಕಾಲೇಜಿನ ಪ್ರಾಜೆಕ್ಟು."

ಅವರು ಮೇಲಿಂದ ಕೆಳಗೆ ನೋಡಿದರು. "ಯಾಕಮ್ಮ, ತಗೊಳ್ತೀಯಾ?"

"ಇಲ್ಲ ಸರ್."

"ತಗೊಂಡೋಗು, ನಂಗೂ ರೆಸ್ಟು" ಎನ್ನುತ್ತ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಹಿಂಬದಿಗೆ ನಡೆದರು. ಚಕ್ರದಿಂದ ಚಕ್ರಕ್ಕೆ ಎಷ್ಟು ದೂರ ಎಂಬುದನ್ನೂ ಅವರೇ ಹಿಡಿಸಿದರು. ಅಷ್ಟು ದಿನ ನಾನು ಹೆದರಿದ್ದು ಈ ಖಾಕಿಗೆ.

ಮಾದರಿಯನ್ನು ಸುಮ್ಮನೆ ಗಿಡ್ಡ ಮಾಡಿದರೆ ಚಕ್ರಗಳು ಮೊಟ್ಟೆಯಾಗುತ್ತವೆ. ಆದ್ದರಿಂದ ಚಕ್ರಗಳನ್ನು ಬಿಡಿಸಿ ಪಕ್ಕಕ್ಕಿಟ್ಟು, ಮೈಯನ್ನು ಉದ್ದದ ದಿಕ್ಕಿನಲ್ಲಿ ಮಾತ್ರ ಕುಗ್ಗಿಸಿ, ಕಮಾನುಗಳನ್ನು ಮತ್ತೆ ತಿದ್ದಿ, ಚಕ್ರಗಳನ್ನು ಹೊಸ ಜಾಗಕ್ಕೆ ಕೂರಿಸಿದೆ. ಕಾಣದ ಮೈಯನ್ನೂ ಕಾಣುವ ಮೈಯಷ್ಟೇ ಮಾಡಿದೆ. ಹಳೆಯ ತಿರುವನ್ನೂ ಚಕ್ರದ ಹಳೆಯ ಕೋನವನ್ನೂ ವಾಪಸ್ಸು ಹಾಕಿದೆ. ಬಸ್ಸು ಕಂಬವನ್ನು ಮುಟ್ಟದೆ ತಿರುಗಿತು.

ರಿಪೋರ್ಟು ಬರೆಯುವಾಗ ಕದ್ದ ಬಸ್ಸಿನ ವಿಷಯಕ್ಕೆ ಒಂದು ಪುಟ ಕೊಟ್ಟೆ. ಮೇಡಂ ಆ ಪುಟಕ್ಕೆ ಅಡ್ಡಗೆರೆ ಎಳೆಯಲು ಪೆನ್ನು ತೆರೆದರು. "ಇದನ್ನ ಬರೀಲೇಬೇಕಾ? ಇದೊಂದೇ ಪುಟ ಸಾಕು ಅವರಿಗೆ ನಿನ್ನ ಫೇಲ್ ಮಾಡೋಕೆ."

"ಬರೀದೆ ಇದ್ರೆ ಅವರು ಎಲ್ಲಿ ಕೇಳ್ತಾರೋ ಅಂತ ಪೂರ್ತಿ ಹೊತ್ತು ಹೆದರ್ಕೊಂಡಿರ್ಬೇಕು ಮೇಡಂ. ಹೆದರಿ ಸಾಕಾಗಿದೆ."

ಅವರು ಪೆನ್ನು ಮುಚ್ಚಿದರು.

ಲ್ಯಾಬಿನ ಕಂಪ್ಯೂಟರುಗಳಿಗೆ ಈ ಆಟ ಎಳೆಯುವ ಶಕ್ತಿ ಇರಲಿಲ್ಲ. ವೈವಾ ದಿನ, ಎಂದರೆ ಮೌಖಿಕ ಪರೀಕ್ಷೆಯ ದಿನ, ನಮ್ಮನೆಯದನ್ನೇ ಒಯ್ಯಬೇಕು. ಆಟ ತಾನಾಗಿ ಅಪ್‌ಡೇಟ್ ಆಗಿ ನನ್ನ ಮಾಡನ್ನು ಕೆಡಿಸದಿರಲಿ ಎಂದು ಇಂಟರ್‌ನೆಟ್ ಕಿತ್ತು, ಆಫ್‌ಲೈನಿನಲ್ಲೇ ತೆರೆಯುವ ಹಾಗೆ ಮಾಡಿಟ್ಟೆ. ಸಿ.ಪಿ.ಯು.ವನ್ನು ಅವ್ವನ ಒಂದು ಹೂಬುಟ್ಟಿಯಲ್ಲಿಟ್ಟು, ಒಣಗಿದ ಬಟ್ಟೆ ಸುತ್ತಿ ಬಸ್ಸು ಹತ್ತಿದೆ.

"ಹೆಂಗಸರಿಗೆ ಫ್ರೀ, ಬುಟ್ಟಿಗೆ ಲಗೇಜು ಚಾರ್ಜು" ಅಂದರು ಕಂಡಕ್ಟರು. "ಏನಿದೆ ಒಳಗೆ? ಹೂವಾ?"

"ಬಸ್ಸು" ಅಂದುಬಿಟ್ಟೆ, ಹೆದರಿಕೆಯಲ್ಲಿ. ಅವರು ಬಟ್ಟೆ ಎತ್ತಿ ನೋಡಿ, ನನ್ನ ಮುಖ ನೋಡಿ, ಟಿಕೆಟ್ ಹರಿದು ಮುಂದೆ ಹೋದರು.

ಎಕ್ಸಾಮಿನರ್ ವಯಸ್ಸಾದವರು, ಬೇರೆ ಊರಿನ ಕಾಲೇಜಿನಿಂದ ಬಂದವರು. ರಿಪೋರ್ಟನ್ನು ಹಿಂದಿನಿಂದ ತಿರುವುತ್ತ ಬಂದು ಸರಿಯಾಗಿ ಆ ಪುಟದಲ್ಲೇ ನಿಂತರು. ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇನ್ನೊಬ್ಬರ ಬಸ್ಸು ಹಾಕಿದ್ದೆ ಅಂತ ನೀನೇ ಬರ್ದಿದ್ದೀಯ."

"ಹೌದು ಸರ್. ಈಗಿಲ್ಲ."

"ಆಟವೇ ಇನ್ನೊಬ್ಬರದು. ಹಾಗಾದರೆ ಇದರಲ್ಲಿ ನೀನು ಮಾಡಿದ್ದು ಯಾವುದು?"

ಅದೇ ಪ್ರಶ್ನೆ. ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಒಂದು ಪದವೂ ನೆನಪಿಗೆ ಬರಲಿಲ್ಲ. ಬಾಯಿ ಬರದಿದ್ದಾಗ ಕೈ ಹೋಯಿತು. "ಸರ್, ನಂದನ್ನೆಲ್ಲ ತೆಗೀತೀನಿ. ಉಳಿದದ್ದು ಅವರದು" ಅಂದೆ. ನನ್ನ ಫೋಲ್ಡರುಗಳನ್ನು ಒಂದೊಂದಾಗಿ ಹೊರಗೆ ಸರಿಸಿ, ಒಂದೊಂದಕ್ಕೂ ಆಟ ತೆರೆದು ತೋರಿಸಿದೆ. ಬೋರ್ಡುಗಳು ಹೋದವು. ಸ್ಟಾಪಿನ ಜನ ಹೋದರು. ಬಸ್ಸು ಹೋಗಿ ಪರದೇಶದ ಬಸ್ಸು ಬಂತು. ಕೊನೆಗೆ ನಮ್ಮ ದಾರಿಯೂ ಹೋಗಿ ಆ ಗುಂಡಿಯಿಲ್ಲದ ರಸ್ತೆ ಉಳಿಯಿತು. ಪ್ರತಿ ಸಲ ಆಟ ತೆರೆಯುವಾಗಲೂ ಕಪ್ಪು ಪರದೆ ಬರುತ್ತದೇನೋ ಎಂದುಕೊಳ್ಳುತ್ತಿದ್ದೆ.

"ಮತ್ತೆ ಹಾಕು" ಅಂದರು.

ಹಾಕಿದೆ. ಅವರು ಕುರ್ಚಿ ಎಳೆದುಕೊಂಡು ತಾವೇ ಕೂತು ಓಡಿಸಿದರು. ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಕಂಬ ದಾಟಿತು. ಕುವೆಂಪುನಗರದ ಸ್ಟಾಪು ಬಂದಾಗ ಬ್ರೇಕು ತಡವಾಗಿ, ಬಸ್ಸು ಮುಂದೆ ಹೋಗಿ ನಿಂತಿತು.

"ಛೆ, ಸ್ಟಾಪ್ ಬಿಟ್ಟು ನಿಲ್ಲಿಸಿಬಿಟ್ಟೆ" ಅಂದರು.

"ಪರವಾಗಿಲ್ಲ ಸರ್" ಅಂದರು ಮೇಡಂ, ಕಿಟಕಿಯಿಂದ ತಿರುಗಿ. "ನಮ್ಮೂರಲ್ಲೂ ಅಲ್ಲೇ ನಿಲ್ಲಿಸೋದು."

ಎಕ್ಸಾಮಿನರ್ ನಗಲಿಲ್ಲ. ಬಸ್ಸಿನ ಉದ್ದ ಹೇಗೆ ಅಳೆದೆ ಎಂದು ಕೇಳಿದರು. ಹೇಳಿದೆ, ಮೊಳದ್ದನ್ನೂ ಸೇರಿಸಿ. ಆಗ ನಕ್ಕರು, ಅಂಕಪಟ್ಟಿಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಏನೋ ಬರೆದರು. ಏನು ಬರೆದರೆಂದು ತಿಳಿಯದೆ ಫಲಿತಾಂಶದವರೆಗೂ ಹೆದರುತ್ತಲೇ ಇದ್ದೆ.

ಪಾಸಾದೆ. ಸರ್ಟಿಫಿಕೇಟ್ ಕೊಡುವ ದಿನ ಕಾಲೇಜಿನ ಸಣ್ಣ ಹಾಲಿನಲ್ಲಿ ಮಾವ ಇಸ್ತ್ರಿ ಶರ್ಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವ್ವ ಬುಟ್ಟಿಯ ಸಮೇತ ಬಂದಿದ್ದಳು. ಪ್ರಿನ್ಸಿಪಾಲರು ನನ್ನ ಹೆಸರು ಓದಿ ಕೈಗೆ ಕೊಟ್ಟರು. ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಇಳಿದು ಬಂದೆ. ಮಾವ ಇಸಿದುಕೊಂಡು, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಅವ್ವನಿಗೆ ದಾಟಿಸಿದರು.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ತನಗೆ ಓದಲು ಬಾರದ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಅದನ್ನು ತನ್ನ ಮುಂಗೈ ಮೇಲೆ ಇಟ್ಟು, ಅದೇ ಪಳಗಿದ ಕೈಯಲ್ಲಿ ಅಳತೆ ನೋಡಿದಳು.

"ನನ್ ಮೊಳದಲ್ಲೂ ಒಂದು ಮೊಳ ಆಗಲ್ವಲ್ಲೇ ಇದು" ಅಂದಳು. "ಇಷ್ಟುಕ್ಕಾ ಅಷ್ಟೊಂದು ಎದ್ರುಕೊಂಡಿದ್ದೆ?"